ಘಟ್ಟದ ಬುಡದಲ್ಲಿ ಲೆಕ್ಕ ಬರೆಯುವವರಿಗೂ ಕೆಲಸ ಉಂಟು
ಹಳ್ಳಿಯಲ್ಲಿ ಕಾಮರ್ಸ್ ಓದಿದವರಿಗೆ ಕೆಲಸ ಇಲ್ಲ, ಬೆಂಗಳೂರೇ ಗತಿ ಅಂತ ಬರ್ದಿದ್ದೀರಲ್ಲ, ಅದು ಪೂರ್ತಿ ಸರಿಯಲ್ಲ ಮಾರಾಯ್ರೆ. ನಾನು ಬಿಕಾಂ ಮುಗಿಸಿ ಉಡುಪಿಯಲ್ಲಿ ಒಬ್ಬ ಸಿಎ ಹತ್ರ ಮೂರು ವರ್ಷ ಇದ್ದು ಈಗ ಹೆಬ್ರಿ ಕಡೆ ಇದ್ದೇನೆ. ಕೆಲಸ ಸಿಕ್ಕಿದ್ದು ಆನ್‌ಲೈನ್‌ನಲ್ಲಿ ಅಲ್ಲ, ಗೇರುಬೀಜ ಫ್ಯಾಕ್ಟರಿಯವರಿಗೆ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಗೊತ್ತಿರುವವರು ಬೇಕಂತೆ ಅಂತ ಅಂಗಡಿಯಲ್ಲಿ ಯಾರೋ ಹೇಳಿದ್ರು, ಹೋಗಿ ಕೇಳಿದೆ ಅಷ್ಟೆ. ಆಮೇಲೆ ಅಡಿಕೆ ವ್ಯಾಪಾರಿಗಳು, ಹಾರ್ಡ್‌ವೇರ್ ಅಂಗಡಿ, ಹೀಗೆ ಒಬ್ಬರಿಂದ ಒಬ್ಬರು ಬಂದ್ರು.

ಇಲ್ಲಿ ಅರ್ಧ ಕೆಲಸ ಅರ್ಥ ಮಾಡಿಸುದೇ. ತೋಟದ ಅಡಿಕೆ ಮಾರಿದ ದುಡ್ಡು ಕೃಷಿ ಆದಾಯ, ಅದಕ್ಕೆ ಇನ್‌ಕಂ ಟ್ಯಾಕ್ಸ್ ಇಲ್ಲ, ತಾನು ಬೆಳೆದದ್ದು ಮಾತ್ರ ಮಾರುವ ರೈತನಿಗೆ ಜಿಎಸ್‌ಟಿ ರಿಜಿಸ್ಟ್ರೇಷನ್ನೂ ಬೇಡ, ಆದ್ರೆ ಅದೇ ಮನುಷ್ಯ ಪಕ್ಕದವರ ಅಡಿಕೆ ತಗೊಂಡು ಮಾರ್ಲಿಕ್ಕೆ ಶುರು ಮಾಡಿದ್ರೆ ಕತೆಯೇ ಬೇರೆ, ಒಣ ಅಡಿಕೆಗೆ 5 ಪರ್ಸೆಂಟ್ ಜಿಎಸ್‌ಟಿ. ಇದನ್ನು ಎಷ್ಟು ಸಲ ಹೇಳಿದ್ರೂ "ನಮ್ಮದೇ ಅಡಿಕೆ ಅಲ್ವಾ" ಅಂತಾರೆ! ಬಿಲ್ಲುಗಳು ಬರುದು ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಮಳೆಗಾಲದಲ್ಲಾದ್ರೆ ಒದ್ದೆ ಚಂಡಿಯಾಗಿ.

ಕಷ್ಟ ಇಲ್ಲ ಅಂತಲ್ಲ. ಜುಲೈಯಲ್ಲಿ ಕರೆಂಟೂ ಇಲ್ಲ ನೆಟ್ಟೂ ಇಲ್ಲ, 20ನೇ ತಾರೀಕಿನೊಳಗೆ 3ಬಿ, ಅಂದ್ರೆ ಜಿಎಸ್‌ಟಿಯ ತಿಂಗಳ ರಿಟರ್ನ್, ಹಾಕ್ಬೇಕು, ತಪ್ಪಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಒಮ್ಮೆ ಒಟಿಪಿಗಾಗಿ ಓನರನ್ನು ಹುಡುಕ್ಕೊಂಡು ತೋಟಕ್ಕೇ ಹೋಗಿದ್ದೆ, ಕಾಲಿಗೆ ಉಂಬುಳ (ಜಿಗಣೆ) ಬೇರೆ. ಸಂಬಳ ಬೆಂಗಳೂರಿನಷ್ಟಿಲ್ಲ, ಬಾಡಿಗೆಯೂ ಇಲ್ಲ, ಮಧ್ಯಾಹ್ನ ಮನೆಯಲ್ಲೇ ಗಂಜಿ ಊಟ.