ಬಿಲ್ಲು ತಿನ್ನುವ ಟೇಬಲ್ಲು

ಬೈಟೂ ಕಾಫಿ ಬರುತ್ತದೆ, ಎದುರಿನವರು ಮೊಣಕೈ ಊರುತ್ತಾರೆ, ಟೇಬಲ್ಲು ಕುಂಟುತ್ತದೆ, ಕಾಫಿ ಸಾಸರಿಗಿಳಿಯುತ್ತದೆ. ಇದ್ದದ್ದೇ ಅರ್ಧ ಲೋಟ. ಅದರಲ್ಲೂ ಟೇಬಲ್ಲಿಗೊಂದು ಪಾಲು!

ಇಂಥ ಹೊತ್ತಿಗೆ ಯಾವುದೇ ಹೋಟೆಲಿನಲ್ಲಿ ಒಬ್ಬ ಹಿರಿಯರು ಅವತರಿಸುತ್ತಾರೆ. "ತಾಳಿ, ಯಾರೂ ಅಲ್ಲಾಡಬೇಡಿ" ಎಂದು ಬಿಲ್ಲು ಮಡಿಸಲು ಶುರು. ಎರಡು ಪದರ, ನಾಲ್ಕು, ಎಂಟು, ಹದಿನಾರು. ಬಗ್ಗಿ ಕಾಲಿನಡಿ ತುರುಕಿ ಏಳುವಾಗ ತಲೆ ಟೇಬಲ್ಲಿಗೆ ಬಡಿದು, ಉಳಿದ ಕಾಫಿಯೂ ಹೋಯಿತು. ಅಷ್ಟರಲ್ಲಿ ಇನ್ನೊಂದು ಕಾಲು ಮೇಲೆದ್ದಿದೆ. "ಇನ್ನೊಂದು ಬಿಲ್ ಕೊಡಪ್ಪಾ." "ಸಾರ್, ಬಿಲ್ ಬೇಕಂದ್ರೆ ಇನ್ನೇನಾದ್ರೂ ತಿನ್ಬೇಕು." ಉದ್ದಿನವಡೆ ಆರ್ಡರಾಗುತ್ತದೆ. ಕೊನೆಗೆ ಗಲ್ಲಾದವರು "ಬಿಲ್ಲೆಲ್ಲಿ ಸಾರ್?" ಎಂದಾಗ ಮತ್ತೆ ಟೇಬಲ್ಲಿನಡಿ ಬಗ್ಗಬೇಕು.

ಹಿರಿಯರ ಉಪಕಾರ ಸಂಜೆಯವರೆಗೂ ಉಳಿಯುವುದಿಲ್ಲ. ಬಿಲ್ಲಿನ ತೆಳು ಕಾಗದ 16 ಪದರವಾದರೂ ಸುಮಾರು ಒಂದು ಮಿ.ಮೀ. ದಪ್ಪ. ನೆಲ ಒರೆಸುವ ನೀರು ತಾಗಿದರೆ ಅದೂ ಮುದ್ದೆ.

ಮೊದಲು ಟೇಬಲ್ಲನ್ನು ಇದ್ದಲ್ಲೇ ನಿಧಾನ ತಿರುಗಿಸಿ ನೋಡಿ. ಚೌಕ ಟೇಬಲ್ಲು, ಕಾಲುಗಳೆಲ್ಲ ಸಮ, ನೆಲ ಮಾತ್ರ ಏರುಪೇರು ಎಂದಾದರೆ 90 ಡಿಗ್ರಿಯೊಳಗೆ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ಊರುತ್ತವೆ. ಜಿನೀವಾದ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಆಂಡ್ರೆ ಮಾರ್ಟಿನ್ 2005ರಲ್ಲಿ ಇದಕ್ಕೆ ಗಣಿತದ ಪುರಾವೆಯನ್ನೇ ಬರೆದರು. ಅವರನ್ನು ಕೆಣಕಿದ್ದೂ ಅಲ್ಲಿನ ಕ್ಯಾಂಟೀನಿನ ಟೇಬಲ್ಲುಗಳೇ. ನೆಲ ತೀರಾ ಇಳಿಜಾರಾಗಿರಬಾರದು, ಟೈಲ್ಸಿನ ಅಂಚು ಮೆಟ್ಟಿಲಿನಂತೆ ಎದ್ದಿರಬಾರದು. ಕುಂಟು ನಿಂತರೂ ಟೇಬಲ್ಲು ಓರೆಯಾಗಿರಬಹುದು. ಸಾಂಬಾರಿನ ಬಟ್ಟಲು ಜಾರದಿದ್ದರೆ ಸಾಕು. ಗೋಡೆಗೆ ಒತ್ತಿಸಿಟ್ಟ ಟೇಬಲ್ಲಾದರೆ ತಿರುಗಿಸುವ ಮಾತಿಲ್ಲ, ಎದ್ದು ಬೇರೆ ಕಡೆ ಕೂರಿ.

ಹಿಂದೆ ಮನೆಗಳಲ್ಲಿ ಕುಡಿಯುವ ನೀರಿನ ಬಿಂದಿಗೆಗೆ ಮೂರು ಕಾಲಿನ ಸ್ಟ್ಯಾಂಡ್ ಇರುತ್ತಿತ್ತು. ಒರಟು ಕಲ್ಲುಚಪ್ಪಡಿಯ ಮೇಲೂ ಮಿಸುಕುತ್ತಿರಲಿಲ್ಲ, ಏಕೆಂದರೆ ಮೂರು ತುದಿಗಳು ಹೇಗಿಟ್ಟರೂ ಒಂದೇ ಸಮತಲದಲ್ಲಿರುತ್ತವೆ. ಬಿಂದಿಗೆ ಹೋಗಿ ಫಿಲ್ಟರ್ ಬಂತು, ಸ್ಟ್ಯಾಂಡು ಅಟ್ಟ ಸೇರಿತು.

ಎಷ್ಟು ತಿರುಗಿಸಿದರೂ ಕುಂಟು ಹೋಗದಿದ್ದರೆ ದೋಷ ಬಹುಶಃ ಕಾಲಿನದ್ದೇ. ಕಬ್ಬಿಣದ ಟೇಬಲ್ಲಿನ ಕಾಲಿನ ಬುಡದಲ್ಲಿ ತಿರುಪಿನ ಬುಷ್ (ತಿರುಗಿಸಿ ಎತ್ತರ ಹೊಂದಿಸುವ ಪಾದ) ಇದೆಯೇ ನೋಡಿ. 8 ಮಿ.ಮೀ.ನ ಸಾಮಾನ್ಯ ತಿರುಪು ಒಂದು ಸುತ್ತಿಗೆ 1.25 ಮಿ.ಮೀ. ಇಳಿಯುತ್ತದೆ, ಸುತ್ತಿನ ಕಾಲುಭಾಗದಷ್ಟು ತಿರುಗಿಸಿ, ಟೇಬಲ್ಲು ಅಲ್ಲಾಡಿಸಿ ನೋಡಿ, ಮತ್ತೆ ಅಷ್ಟೇ ತಿರುಗಿಸಿ. ಮರದ್ದಾದರೆ ಗಿಡ್ಡ ಕಾಲಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಗರಗಸ ಮಾತ್ರ ಬೇಡ. ಉದ್ದದ ಕಾಲು ಕೊಯ್ದು, ಅದು ಗಿಡ್ಡವಾಯಿತೆಂದು ಪಕ್ಕದ್ದನ್ನೂ ಕೊಯ್ದು, ಊಟದ ಟೇಬಲ್ಲನ್ನು ಟೀಪಾಯಿ ಮಾಡಿಕೊಂಡ ಮನೆಗಳಿವೆ.