‘ಇಲ್ಲೇನೂ ಇಲ್ಲ’ ಅಂದವರಿಗೆ

ಕಾರು ಬಂದು ನಿಂತಿತು. ನಾಲ್ಕೂ ಬಾಗಿಲು ಒಟ್ಟಿಗೆ ತೆರೆದವು. ಇಳಿದವರು ಸೊಂಟದ ಮೇಲೆ ಕೈಯಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸಿದರು. ಇಡೀ ಸಮುದ್ರವನ್ನು ಎದುರಿಗಿಟ್ಟುಕೊಂಡು ‘ಅಯ್ಯೋ, ಇಲ್ಲೇನೂ ಇಲ್ವಲ್ಲ’ ಅಂದರು. ಐದು ನಿಮಿಷ ಆಗಿರಲಿಕ್ಕಿಲ್ಲ, ಮತ್ತೆ ಕಾರು ಹತ್ತಿದರು. ಅಷ್ಟರಲ್ಲಿ ಅವರ ಜೊತೆಗಿದ್ದ ನಾಲ್ಕೈದು ವರ್ಷದ ಹುಡುಗ ಒಂದು ಕಲ್ಲು ಆರಿಸಿ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ‘ಛೀ, ಗಲೀಜು, ಬಿಸಾಕು’ ಅಂತ ಗದರಿ ಬಿಸಾಕಿಸಿದರು. ಗಲೀಜಂತೆ! ಹಗಲೂ ರಾತ್ರಿ ಉಪ್ಪುನೀರಲ್ಲಿ ತಿಕ್ಕಿಸಿಕೊಂಡು, ಮೂಲೆಗಳೆಲ್ಲ ಸವೆದು ಮೊಟ್ಟೆಯಂತಾದ ಕಲ್ಲು ಗಲೀಜು. ಅದೇ ಕೈಗೆ ಕಾರಿನಲ್ಲಿ ಕೊಡೋ ಮೊಬೈಲು ಮಾತ್ರ ಶುಭ್ರ.

ಮನೆಗೆ ಬಂದು ಮೂರು ಗಂಟೆಯಾಯಿತು, ನನ್ನ ಪಿತ್ತ ಇನ್ನೂ ಇಳಿದಿಲ್ಲ. ಹೋದ ವರ್ಷ ಆಟದ ಪಾರ್ಕಿನ ಪ್ಲಾಸ್ಟಿಕ್ ಆನೆಯ ಬಗ್ಗೆ ಬರೆದು ನಿಮ್ಮೆಲ್ಲರ ಹತ್ತಿರ ಬೈಸಿಕೊಂಡವಳು ನಾನೇ. ಇದನ್ನೂ ಓದಿ ಬೈಯಿರಿ, ಪರವಾಗಿಲ್ಲ. ಆ ತೀರ ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಹೇಳಲ್ಲ. ಇನ್‌ಬಾಕ್ಸ್‌ನಲ್ಲೂ ಹೇಳಲ್ಲ.

ಏನೂ ಇಲ್ಲ ಅಂದರೆ ಏನು? ಮರಳಿಲ್ಲ, ನಿಜ. ಅಂಗಡಿಯಿಲ್ಲ, ದೋಣಿ ಸವಾರಿಯಿಲ್ಲ, ಫೋಟೋಗೆ ನಿಲ್ಲೋಕೆ ಚೌಕಟ್ಟಿಲ್ಲ. ಉದ್ದಕ್ಕೂ ಬರೀ ಉರುಟು ಕಲ್ಲು. ಆ ಬರೀ ಕಲ್ಲಿನ ಮೇಲೆ ನನ್ನ ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ ಒಂದೇ ಒಂದು ಸಲ ‘ಬೋರು’ ಅನ್ನದೆ ನಾಲ್ಕು ಗಂಟೆ ಕಳೆದರು. ದುಡ್ಡು ಕೊಟ್ಟು ಕರೆದುಕೊಂಡು ಹೋದ ಜಾಗಗಳಲ್ಲಿ ಇವರೇ ಅರ್ಧ ಗಂಟೆಗೆ ರಂಪ ಮಾಡಿದ್ದಾರೆ.

ಮೊದಲು ಕಂಡುಹಿಡಿದದ್ದು ಮಗಳು. ‘ಅಮ್ಮಾ, ಗುಂಡು ಕಲ್ಲೆಲ್ಲ ಕೆಳಗಿದೆ, ನಾಣ್ಯದ ಥರದ್ದು ಮೇಲಿದೆ, ಯಾರು ಜೋಡಿಸಿದ್ದು?’ ಅಂದಳು. ನೋಡಿದರೆ ಹೌದು! ಅಲೆ ಕಲ್ಲನ್ನು ಮೇಲಕ್ಕೆ ಎತ್ತಿ ಎಸೆಯುತ್ತೆ. ಹಿಂದಿರುಗುವ ನೀರು ಕಲ್ಲುಗಳ ಸಂದಿನಲ್ಲಿ ಇಂಗಿಹೋಗುವುದರಿಂದ ಅದಕ್ಕೆ ಎಲ್ಲವನ್ನೂ ವಾಪಸ್ ಎಳೆಯುವ ಶಕ್ತಿ ಇರಲ್ಲ. ಗುಂಡಗಿದ್ದದ್ದು ಉರುಳಿಕೊಂಡು ಇಳಿಯುತ್ತೆ, ಚಪ್ಪಟೆಯದ್ದು ಮೇಲೇ ಕೂತುಬಿಡುತ್ತೆ. ಕಲ್ಲಿನ ತೀರ ಮರಳ ತೀರಕ್ಕಿಂತ ಕಡಿದಾಗಿರೋದಕ್ಕೂ ಇದೇ ಕಾರಣ. ಇಂಗ್ಲೆಂಡಿನ ಚೆಸಿಲ್ ಬೀಚಿನಲ್ಲಂತೂ ಪಶ್ಚಿಮದ ತುದಿಯಲ್ಲಿ ಬಟಾಣಿ ಗಾತ್ರದ ಕಲ್ಲು, ಪೂರ್ವದ ತುದಿಗೆ ಹೋದಂತೆ ಮುಷ್ಟಿಯಷ್ಟು ದೊಡ್ಡದು. ಕತ್ತಲಲ್ಲಿ ದಡ ಸೇರಿದ ಮೀನುಗಾರರು ಕಲ್ಲು ಮುಟ್ಟಿ ನೋಡಿಯೇ ಎಲ್ಲಿದ್ದೇವೆ ಅಂತ ಹೇಳುತ್ತಿದ್ದರಂತೆ. ಇದೆಲ್ಲ ನಾನು ಓದಿ ತಿಳಿದದ್ದು. ಐದು ವರ್ಷದವಳು ಕುಕ್ಕರುಗಾಲಲ್ಲಿ ಕೂತು ನೋಡಿ ತಿಳಿದಳು. ಇಲ್ಲೇನೂ ಇಲ್ಲ, ಅಲ್ವಾ?

ಆಮೇಲೆ ಒಂದು ದೊಡ್ಡ ದುರಂತ ನಡೆಯಿತು. ನೀರಂಚಿನಿಂದ ಹೊಳೆಯುವ ಕೆಂಪು ಕಲ್ಲೊಂದು ತಂದಿದ್ದಳು. ಹತ್ತು ನಿಮಿಷದಲ್ಲಿ ಅದು ಒಣಗಿ ಬೂದು ಬಣ್ಣಕ್ಕೆ ತಿರುಗಿತು. ‘ನನ್ನ ಕಲ್ಲು ಸತ್ತೋಯ್ತು’ ಅಂತ ಒಂದೇ ಸಮ ಅಳು. ಒಣಗಿದ ಕಲ್ಲಿನ ಮೈಮೇಲಿನ ಸಣ್ಣ ತರಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ, ಅದಕ್ಕೇ ಮಂಕು. ನೀರು ಆ ತರಿಗಳನ್ನು ತುಂಬಿದಾಗ ಒಳಗಿನ ಬಣ್ಣ ಕಾಣುತ್ತೆ ಅಂತ ವಿವರಿಸಲು ಹೊರಟೆ. ಅವಳು ನನ್ನ ಮಾತು ಮುಗಿಯುವ ಮೊದಲೇ ಕಲ್ಲನ್ನು ನೆಕ್ಕಿಬಿಟ್ಟಳು. ಕೆಂಪು ವಾಪಸ್ ಬಂತು. ಪಾಠ ಅಲ್ಲಿಗೇ ನಿಂತಿತು. ಚಿಕ್ಕವನು ಮಾತ್ರ ಅಲೆ ಹಿಂದೆ ಸರಿಯುವಾಗಿನ ಆ ಗರಗರ ಸದ್ದನ್ನು ಗಂಟಲಲ್ಲಿ ಹೊರಡಿಸುತ್ತಾ ಕೂತಿದ್ದ. ಈಗಲೂ ಹೊರಡಿಸುತ್ತಿದ್ದಾನೆ.

ಈಗ ನೀವು ಹೇಳೋದು ಗೊತ್ತು. ‘ಗಾರ್ಡಿಲ್ಲ, ಶೌಚಾಲಯವಿಲ್ಲ, ನೆರಳಿಲ್ಲ, ಅಂಥ ಕಡೆ ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗ್ತಾರಾ?’ ನಮ್ಮ ಮನೆಯಲ್ಲೇ ಹಿರಿಯರೊಬ್ಬರು ಇದನ್ನು ಮೂರು ಸಲ ಹೇಳಿದರು, ಮೂರನೇ ಸಲ ನನ್ನ ಮುಖ ನೋಡದೆ. ಅವರ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. ಕಡಿದಾದ ಕಲ್ಲಿನ ತೀರದಲ್ಲಿ ಅಲೆ ದೂರದಲ್ಲಿ ಒಡೆಯಲ್ಲ, ಕಾಲಬುಡದಲ್ಲೇ ಧೊಪ್ಪೆಂದು ಬೀಳುತ್ತೆ. ಎರಡು ಹೆಜ್ಜೆಗೆ ಆಳ. ಪಾದದಡಿಯ ಕಲ್ಲು ಜಾರುವುದರಿಂದ ಮೊಣಕಾಲುದ್ದ ನೀರಲ್ಲೂ ದೊಡ್ಡವರಿಗೇ ನಿಲ್ಲೋಕಾಗಲ್ಲ. ಅದಕ್ಕೇ ನಾವು ನೀರಿಗೆ ಇಳಿಯಲೇ ಇಲ್ಲ. ಅಲೆ ಮುಟ್ಟಿ ಒದ್ದೆಯಾದ ಗೆರೆಗಿಂತ ಸಾಕಷ್ಟು ಮೇಲೆ, ಮಕ್ಕಳಿಗೂ ನೀರಿಗೂ ನಡುವೆ ನಾನು ಕೂತೆ. ನನ್ನನ್ನು ದಾಟುವ ಹಾಗಿಲ್ಲ, ಅಷ್ಟೇ ಕಾನೂನು. ನೀರಂಚಿನ ಕಲ್ಲು ಬೇಕಾದರೆ ನನ್ನ ಕೈ ಹಿಡಿದೇ ಹೋಗಬೇಕು.

ಇನ್ನೊಂದು, ಬಾಯಿ. ಎರಡೂವರೆ ವರ್ಷದವನ ಲೋಕಜ್ಞಾನವೆಲ್ಲ ಬಾಯಿಂದಲೇ. ಭೂವಿಜ್ಞಾನದವರ ಲೆಕ್ಕದಲ್ಲಿ 4ರಿಂದ 64 ಮಿಲಿಮೀಟರ್ ಗಾತ್ರದ್ದಕ್ಕೆ ಪೆಬಲ್ ಅಂತ ಹೆಸರು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಗಂಟಲಲ್ಲಿ ಸಿಕ್ಕುತ್ತಾ ಅಂತ ಪರೀಕ್ಷಿಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅಂದರೆ ಪೆಬಲ್ ಅನ್ನೋದರಲ್ಲಿ ಅರ್ಧಕ್ಕರ್ಧ ಅವನಿಗೆ ಅಪಾಯವೇ. ಟಿಶ್ಯೂ ಸುರುಳಿಯೊಳಗಿನ ರಟ್ಟಿನ ಕೊಳವೆ ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ಅದರ ಅಗಲ ಇನ್ನೂ ಸ್ವಲ್ಪ ಹೆಚ್ಚು. ಅದರೊಳಗೆ ತೂರುವ ಕಲ್ಲು ಚಿಕ್ಕವನ ಕೈಗಿಲ್ಲ. ಅದೇ ಅವನಿಗೆ ಆಟವಾಯಿತು: ಕಲ್ಲು ತರೋದು, ಕೊಳವೆಯಲ್ಲಿ ತೂರಿಸೋದು, ತೂರಿದರೆ ‘ಅಕ್ಕಂಗೆ’ ಅನ್ನೋದು. ಆದರೂ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಾಲಿಗೆ ಮುಚ್ಚಿದ ಶೂ, ತಲೆಗೆ ಟೋಪಿ, ಬಿಸಿಲೇರುವ ಮೊದಲೇ ವಾಪಸ್, ಯಾಕೆಂದರೆ ಕಪ್ಪು ಕಲ್ಲು ಬೇಗ ಕಾಯುತ್ತೆ. ತಳ್ಳುಗಾಡಿ ಒಯ್ಯಬೇಡಿ, ಚಕ್ರ ಹೂತು ಅದನ್ನೂ ನೀವೇ ಹೊರಬೇಕಾಗುತ್ತೆ. (ಹೊತ್ತೆ.)

ಶೌಚಾಲಯದ ವಿಷಯದಲ್ಲಿ ಸೋತೆ, ಒಪ್ಪಿಕೊಳ್ತೀನಿ. ಮಗಳ ‘ಅಮ್ಮಾ ಅರ್ಜೆಂಟು’ ಅನ್ನೋ ಮುಖ ನೋಡಿದಾಗ ನನ್ನ ಸಿದ್ಧಾಂತವೆಲ್ಲ ಎರಡು ನಿಮಿಷ ರಜೆ ಹಾಕಿತು. ಆದರೆ ಅದೊಂದೇ ಬರುವುದಾದರೆ ನಾನೇ ಅರ್ಜಿ ಬರೆದುಕೊಡ್ತೀನಿ. ಅದು ಒಂಟಿಯಾಗಿ ಎಲ್ಲಿ ಬಂದಿದೆ ಹೇಳಿ? ಅದರ ಬಾಲ ಹಿಡಿದು ಕಾಂಕ್ರೀಟ್ ದಾರಿ, ದಾರಿ ಹಿಡಿದು ಅಂಗಡಿಗಳು, ಅಂಗಡಿಗೊಂದು ಸ್ಪೀಕರ್, ಕೊನೆಗೆ ಊರಿನ ಹೆಸರಿನ ಪಕ್ಕ ಆಳೆತ್ತರದ ಕೆಂಪು ಹೃದಯ. ಅದನ್ನೆಲ್ಲ ಕಾಯೋಕೆ ಒಂದು ತಡೆಗೋಡೆ. ಗೋಡೆಗೆ ಬಡಿದ ಅಲೆ ಬುಡವನ್ನೇ ಕೊರೆದುಕೊಂಡು ಹೋಗುತ್ತೆ, ಕಲ್ಲು ಕರಗುತ್ತೆ. ಆಗ ನಿಜವಾಗಿಯೂ ಇಲ್ಲೇನೂ ಇರಲ್ಲ. ಕಾರಿನವರು ಮಾತ್ರ ಇಳಿದು ಇಡೀ ದಿನ ಇರ್ತಾರೆ.

ಇಷ್ಟೆಲ್ಲ ಹಾರಾಡ್ತಿದ್ದೀನಲ್ಲ, ಒಂದು ಹೇಳಿಬಿಡ್ತೀನಿ. ಮೊದಲ ಇಪ್ಪತ್ತು ನಿಮಿಷ ಆ ಮಾತು ನನ್ನ ಬಾಯಿಂದಲೂ ಬಂದಿತ್ತು. ಸಿಗ್ನಲ್ ಇಲ್ಲದ ಫೋನನ್ನು ಆಕಾಶಕ್ಕೆ ಹಿಡಿದು ಓಡಾಡುತ್ತಾ ‘ಇಲ್ಲೇನಿದೆ ಅಂತ ಬಂದ್ವಿ, ಬೇರೆ ಕಡೆ ಹೋಗೋಣ್ವಾ’ ಅಂದೆ. ಮಕ್ಕಳು ತಿರುಗಿಯೂ ನೋಡಲಿಲ್ಲ. ನನಗೆ ಸುಮ್ಮನೆ ಕೂರೋಕೆ ಬರಲ್ಲ. ಯಾವಾಗ ಮರೆತೆನೋ ಗೊತ್ತಿಲ್ಲ. ಆ ಕಾರಿನವರ ಮೇಲೆ ಇಷ್ಟು ಸಿಟ್ಟು ಬಂದದ್ದು, ಅವರ ಬಾಯಲ್ಲಿ ನನ್ನದೇ ದನಿ ಕೇಳಿದ್ದಕ್ಕೂ ಇರಬಹುದು. ಇರಲಿ, ಅದರಿಂದ ಅವರ ತಪ್ಪೇನೂ ಕಡಿಮೆಯಾಗಲ್ಲ.

ಸಿಗ್ನಲ್ ಸಿಗದಿದ್ದಾಗ ನನ್ನ ಪಾಂಡಿತ್ಯ ಕೈಕೊಟ್ಟದ್ದೂ ನಡೆಯಿತು. ಸಮುದ್ರ ಸ್ವಲ್ಪ ಶಾಂತವಾಗಿತ್ತು, ಚಪ್ಪಟೆ ಕಲ್ಲನ್ನು ನೀರ ಮೇಲೆ ಕುಪ್ಪಳಿಸೋದು ತೋರಿಸ್ತೀನಿ ಅಂತ ಹೊರಟೆ. ಕಲ್ಲು ನೀರಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ ತಾಗಬೇಕು ಅಂತ 2004ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಯೋಗ ಮಾಡಿ ಹೇಳಿದ್ದಾರೆ. 2013ರಲ್ಲಿ ಅಮೆರಿಕದ ಕರ್ಟ್ ಸ್ಟೈನರ್ ಒಂದೇ ಎಸೆತಕ್ಕೆ 88 ಸಲ ಕುಪ್ಪಳಿಸಿ ದಾಖಲೆ ಮಾಡಿದ್ದಾರೆ. ನನ್ನದು ಎರಡು. ಮೂರು ಅಂತ ನಾನು ವಾದಿಸಿದೆ. ಮಕ್ಕಳಿಗೆ ಅದು ಬೇಕಾಗೇ ಇರಲಿಲ್ಲ. ಅತಿ ದೊಡ್ಡ ಕಲ್ಲು ಎತ್ತಿ ಹಾಕಿದಾಗ ಬರುವ ‘ಡುಬುಕ್’ ಬೇಕಿತ್ತು. ಎತ್ತಿ ಹಾಕಿ ಹಾಕಿ ನನ್ನ ಸೊಂಟ ಹೋಯಿತು.

ಹೊರಡುವಾಗ ಕಲ್ಲುಗಳನ್ನೆಲ್ಲ ವಾಪಸ್ ಹಾಕಿಸಿದೆ. ಮಕ್ಕಳನ್ನು ನಿಲ್ಲಿಸಿ ಭಾಷಣವನ್ನೂ ಮಾಡಿದೆ. ಇಂಗ್ಲೆಂಡಿನ ಡೆವನ್ ತೀರದ ಹಾಲ್‌ಸ್ಯಾಂಡ್ಸ್ ಅನ್ನೋ ಹಳ್ಳಿಯ ಮುಂದಿನಿಂದ 1890ರ ದಶಕದಲ್ಲಿ ಹಡಗುಕಟ್ಟೆಯ ಕೆಲಸಕ್ಕೆ ಲಕ್ಷಗಟ್ಟಲೆ ಟನ್ ಜಲ್ಲಿಕಲ್ಲು ಬಾಚಿದರು, ದಂಡೆ ತಗ್ಗಿತು, 1917ರ ಜನವರಿಯ ಬಿರುಗಾಳಿಗೆ ಹಳ್ಳಿಯೇ ಸಮುದ್ರದ ಪಾಲಾಯಿತು. ಕಲ್ಲೇ ಗೋಡೆ, ಕಲ್ಲೇ ಊರಿಗೆ ಕಾವಲು ಅಂತೆಲ್ಲ ಹೇಳಿದೆ. ಮಗಳು ಗಂಭೀರವಾಗಿ ತಲೆಯಾಡಿಸಿ ತನ್ನ ಕೆಂಪು ಕಲ್ಲನ್ನು ಇನ್ನೊಂದು ಸಲ ನೆಕ್ಕಿ ಇಟ್ಟುಬಂದಳು.

ಮನೆಗೆ ಬಂದು ಚೀಲ ಕೊಡವಿದರೆ ಎರಡು ಬಿಳಿ ಬೆಣಚುಕಲ್ಲು ಬಿದ್ದವು. ಮಕ್ಕಳ ಚೀಲವಲ್ಲ, ನನ್ನದು. ಯಾರೂ ಹಾಕಿದ್ದಲ್ಲ, ನಾನೇ ಹಾಕಿಕೊಂಡದ್ದು, ಭಾಷಣಕ್ಕೆ ಹತ್ತು ನಿಮಿಷ ಮೊದಲು. ಬೆಣಚುಕಲ್ಲನ್ನು ಕತ್ತಲಲ್ಲಿ ಒಂದಕ್ಕೊಂದು ಜೋರಾಗಿ ಉಜ್ಜಿದರೆ ಒಳಗಿನಿಂದ ಬೆಳಕು ಮಿನುಗುತ್ತೆ. ಚಿಕ್ಕವಳಿದ್ದಾಗ ಒಂದು ಸಲ ನೋಡಿದ್ದೆ, ಇವರಿಗೂ ತೋರಿಸಬೇಕು ಅನ್ನೋ ಆಸೆ. ‘ಕಳ್ಳಿ’ ಅಂದಳು ಮಗಳು. ಮುಂದಿನ ಸಲ ಇದ್ದ ಜಾಗದಲ್ಲೇ ವಾಪಸ್ ಇಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಇದ್ದ ಜಾಗ ಯಾವುದು ಅಂತ ಅವಳಿಗೆ ನೆನಪಿದೆಯಂತೆ.

ಲೈಟು ಆರಿಸಿ ಹೊದಿಕೆಯೊಳಗೆ ಇಬ್ಬರೂ ಕಾಯ್ತಿದ್ದಾರೆ. ಗರಗರ ಸದ್ದು ಬರ್ತಿದೆ. ಕಾಮೆಂಟಿಗೆ ನಾಳೆ ಉತ್ತರಿಸ್ತೀನಿ.