ಡಿಸೈನ್ ಡಿಗ್ರಿ ಇಲ್ಲದೆ ಡಿಸೈನರ್ ಆಗಬಹುದಾ?

ಪರ: ಕೆಲಸ ತೋರಿಸಿದರೆ ಸಾಕು

ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಿಕೊಳ್ಳಲು 1972ರ ಕಾಯ್ದೆಯಡಿ ನೋಂದಣಿ ಆಗಿರಬೇಕು. ಡಿಸೈನರ್ ಅನ್ನಿಸಿಕೊಳ್ಳಲು ಅಂಥ ಕಾನೂನೇನೂ ಇಲ್ಲ.

ಬೆಂಗಳೂರಿಗೆ ಇದು ಹೊಸ ವಿಷಯವೂ ಅಲ್ಲ. ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್ ಮುಂದೆ ಕೂತವರಲ್ಲಿ ಡಿಸೈನ್ ಕಾಲೇಜಿನ ಮೆಟ್ಟಿಲು ಹತ್ತಿದವರು ಎಷ್ಟು ಜನ? ಆದರೂ ಮುಹೂರ್ತ, ಛತ್ರದ ವಿಳಾಸ, ಎರಡೂ ಕಡೆಯ ಹಿರಿಯರ ಹೆಸರು, ಎಲ್ಲವನ್ನೂ ಅಂಗೈಯಗಲದ ಕಾರ್ಡಿನಲ್ಲಿ ಕೂರಿಸುತ್ತಾರೆ. ಯಾರ ಹೆಸರು ಕೆಳಗೆ ಹೋದರೆ ಜಗಳ ಆಗುತ್ತದೆ ಅನ್ನುವುದೂ ಅವರಿಗೆ ಗೊತ್ತು!

ಆ್ಯಪ್‌ಗಳ ವಿಷಯಕ್ಕೆ ಬನ್ನಿ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್ನಿಗೆ ಕನ್ನಡ ತುಂಬಿದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ದಿನಾ ಕನ್ನಡ ಓದುವ ಹುಡುಗಿಗೆ ಇದು ತಕ್ಷಣ ಕಾಣುತ್ತದೆ, ಅವಳು ಬಿಕಾಂ ಓದಿದ್ದರೂ ಸರಿ. ಈ ಕ್ಷೇತ್ರದ ಹೆಸರಾಂತ ತಜ್ಞ ಡಾನ್ ನಾರ್ಮನ್ 1993ರಲ್ಲಿ ಆ್ಯಪಲ್ ಸೇರಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ (ಬಳಸುವವರ ಅನುಭವ) ಎಂಬ ಹೆಸರನ್ನು ತಮ್ಮ ಹುದ್ದೆಗೇ ಇಟ್ಟುಕೊಂಡರು. ಅವರು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮತ್ತು ಮನಶ್ಶಾಸ್ತ್ರ. ಆ್ಯಪ್ ವಿನ್ಯಾಸ ಮಾಡುವ ಫಿಗ್ಮಾ ಸಾಫ್ಟ್‌ವೇರ್ ಬ್ರೌಸರಿನಲ್ಲೇ ತೆರೆಯುತ್ತದೆ, ಕಲಿಯಲು ದುಡ್ಡು ಕೊಡಬೇಕಿಲ್ಲ. ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಅಪ್ಪ ಅಮ್ಮ ಯೋಚಿಸುವುದು ಸಹಜ ಅಲ್ವಾ?

ವಿರೋಧ: ತಿದ್ದುವವರು ಯಾರು?

ಲಗ್ನಪತ್ರಿಕೆಯ ಉದಾಹರಣೆ ಕೇಳಲು ಚೆನ್ನಾಗಿದೆ. ಆದರೆ ಆ ಅಂಗಡಿಯ ಹುಡುಗ ಒಬ್ಬನೇ ಕಲಿತವನಲ್ಲ. ಪಕ್ಕದಲ್ಲಿ ಮಾಲೀಕರು ಇದ್ದರು, ಪ್ರೂಫ್ ನೋಡಿ ಬೈಯುವ ಗಿರಾಕಿ ಇದ್ದರು. ಈಗ ಪಿಜಿ ರೂಮಿನಲ್ಲಿ ಕೂತು ವಿಡಿಯೊ ನೋಡುವವರಿಗೆ ಬೈಯುವವರೇ ಇಲ್ಲ.

ಕಾಲೇಜಿನಲ್ಲಿ ಸಿಗುವುದು ಮುಖ್ಯವಾಗಿ ಅದೇ. ಕೆಲಸವನ್ನು ಗೋಡೆಗೆ ಅಂಟಿಸಬೇಕು, ಜ್ಯೂರಿಯ, ಅಂದರೆ ಕೆಲಸ ಪರೀಕ್ಷಿಸುವವರ ಮುಂದೆ ನಿಲ್ಲಬೇಕು, ‘ಇದು ಯಾಕೆ ಇಲ್ಲಿದೆ?’ ಅಂದಾಗ ಉತ್ತರ ಕೊಡಬೇಕು. ಹೀಗೆ ವರ್ಷಗಟ್ಟಲೆ ತಿದ್ದಿಸಿಕೊಂಡ ಮೇಲೆ ಕಣ್ಣು ಪಳಗುತ್ತದೆ. ಅದಿಲ್ಲದೆ ಬಂದ ಪೋರ್ಟ್‌ಫೋಲಿಯೊಗಳನ್ನು (ಕೆಲಸದ ಮಾದರಿಗಳ ಸಂಗ್ರಹ) ನೋಡಿ, ಜಾಸ್ತಿ ಪಾಲು ಅದೇ ಊಟ ತರಿಸುವ ಆ್ಯಪ್‌ನ ಹೊಸ ರೂಪ. ಬಿಳಿ ಮೇಲೆ ತೆಳು ಬೂದು ಅಕ್ಷರ. ಸಣ್ಣ ಅಕ್ಷರಕ್ಕೆ ಹಿನ್ನೆಲೆಯೊಂದಿಗೆ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಬೇಕು ಅನ್ನುತ್ತದೆ ವೆಬ್ ಮಾನದಂಡ. ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕ, ಬಿಸಿಲಲ್ಲಿ ಅಜ್ಜಿಯೊಬ್ಬರು ಆ ಬೂದು ಅಕ್ಷರ ಓದಲಿ ನೋಡೋಣ.

ಇಷ್ಟೆಲ್ಲ ಹೇಳಿದ್ದು ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಕೆಲಸದ ಬಗ್ಗೆ ಮಾತ್ರ. ಕುರ್ಚಿ, ಮಿಕ್ಸಿ, ಸ್ಕೂಟರ್ ವಿನ್ಯಾಸಕ್ಕೆ ವರ್ಕ್‌ಶಾಪ್ ಬೇಕು, ಯಂತ್ರ ಬೇಕು. ಅದು ಲ್ಯಾಪ್‌ಟಾಪಿನಲ್ಲಿ ಸಿಗುವುದಿಲ್ಲ.

ಫೀಸಿನ ಮಾತು ನಿಜ. ಆದರೆ ಡಿಗ್ರಿ ಅಂದರೆ ಪಿಯುಸಿ ಮುಗಿದ ಕೂಡಲೇ ಸೇರುವ ನಾಲ್ಕು ವರ್ಷದ ಕೋರ್ಸೇ ಆಗಬೇಕಿಲ್ಲ. ಯಾವ ವಿಷಯದಲ್ಲಾದರೂ ಮೂರು ವರ್ಷದ ಪದವಿ ಮುಗಿಸಿದವರು ಸೀಡ್ (CEED) ಪ್ರವೇಶ ಪರೀಕ್ಷೆ ಬರೆದು, ಅವರ ಪದವಿಯನ್ನು ಒಪ್ಪುವ ಸಂಸ್ಥೆಗಳಲ್ಲಿ ಎಂ.ಡಿಸ್‌ಗೆ, ಅಂದರೆ ಡಿಸೈನ್ ಸ್ನಾತಕೋತ್ತರ ಪದವಿಗೆ ಪ್ರಯತ್ನಿಸಬಹುದು. ಸೀಟು ಸಿಗದಿದ್ದರೆ ಯಾವುದಾದರೂ ಸ್ಟುಡಿಯೊದಲ್ಲಿ ಕಿರಿಯರಾಗಿ ಸೇರಲಿ. ಸಂಬಳ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಪಕ್ಕದಲ್ಲಿ ತಿದ್ದುವವರು ಇರಲಿ.